ಹೊಸ ಮನೆಯ ಕೀಲಿಕೈ ಹಳೆ ಮನೆಯಲ್ಲಿ

‘ಮಾಮಾ, ಹೊಸಾ ಡಿಸ್ಕ್ ಸತ್ತೈತಿ ನೋಡ್ರಿ. ನಿನ್ನಿ ಸಂಜೀತನಾ ಚಲೋ ನಡದಿತ್ತು. ಇವತ್ತ ಮುಂಜಾನೆ ಏನ್ ಮಾಡಿದ್ರೂ ಚಾಲೂ ಆಗವಲ್ತು. ಅಂಗಡಿಗೆ ವಾಪಸ್ ಕೊಟ್ಟ ಬರ್ಲೇನ್ರಿ?’

ಅರಕೇರಿಯಿಂದ ಅಕ್ಕನ ಮಗ ಫೋನಿನಲ್ಲಿ ಹೀಗೆ ಕೇಳಿದ. ಹುಡುಗ ವಿಜಯಪುರದ ಕಾಲೇಜೊಂದರಲ್ಲಿ ಬಿಸಿಎ ಓದುತ್ತಾನೆ. ಅವನದು ಯಾರೋ ಬಳಸಿ ಬಿಟ್ಟ ಹಳೆಯ ಲ್ಯಾಪ್‌ಟಾಪ್. ಗುಂಡಿ ಒತ್ತಿ, ಒಲೆಯ ಮೇಲೆ ಚಹಾ ಇಟ್ಟು, ಕುಡಿದು ಲೋಟ ತೊಳೆದಿಟ್ಟು ಬಂದರೂ ಪರದೆಯ ಮೇಲಿನ ಚಕ್ರ ತಿರುಗುತ್ತಲೇ ಇರುತ್ತಿತ್ತು. ರಜೆಯಲ್ಲಿ ತಿಕೋಟಾ ಕಡೆಯ ಒಣದ್ರಾಕ್ಷಿ ಶೆಡ್ಡಿನಲ್ಲಿ ದುಡಿದು ಕೂಡಿಸಿದ ಹಣದಲ್ಲಿ ಅವನು ಒಂದು ಎಸ್‌ಎಸ್‌ಡಿ ಕೊಂಡಿದ್ದ. ಅದನ್ನು ಹಾಕಿ ಆಪರೇಟಿಂಗ್ ಸಿಸ್ಟಂ ಕೂಡಿಸಿದ್ದು ಶನಿವಾರ. ಫೋನು ಬಂದದ್ದು ಸೋಮವಾರ.

‘ವಾಪಸ್ ಕೊಡ್ತಿದ್ರ ಕಾಲೇಜ್ ಕೆಲಸಕ್ಕ ಏನ್ ಮಾಡ್ತಿ?’ ಎಂದೆ.

‘ಹಳೇ ಹಾರ್ಡ್‌ಡಿಸ್ಕ್ ಐತಲ್ರಿ, ಅದನ್ನ ಪೂರಾ ಅಳಿಸಿ ಅದಕ್ಕ ಹೊಸದಾಗಿ ಹಾಕ್ತೀನಿ.’

ನನಗೆ ಎದೆ ಧಸಕ್ಕೆಂದಿತು. ‘ಲೇ ತಮ್ಮಾ, ಮುತ್ಯಾನ ಪದಾ ಎಲ್ಲಾ ಅದರಾಗ ಅದಾವಲ್ಲೋ?’

ಆ ಕಡೆ ಮಾತಿಲ್ಲ.

ಅರಕೇರಿ ಎಂದರೆ ಅಮೋಘಸಿದ್ಧನ ಊರು. ಡೊಳ್ಳಿನ ಪದಗಳ ಊರು. ಹುಡುಗನ ಮುತ್ಯಾ ಹಾಡುತ್ತಿದ್ದ ಪದಗಳನ್ನು ಭಾವನವರು ವರ್ಷಗಟ್ಟಲೆ ಕೂತು ಕಂಪ್ಯೂಟರಿಗೆ ಏರಿಸಿದ್ದರು. ಮುತ್ಯಾ ಈಗಿಲ್ಲ. ಬರೆದಿಟ್ಟ ವಹಿಗಳಲ್ಲಿ ಅರ್ಧಕ್ಕೆ ಗೆದ್ದಲು ಹಿಡಿದಿದೆ. ಉಳಿದದ್ದೆಲ್ಲ ಆ ಹಳೆ ಡಿಸ್ಕಿನೊಳಗೆ.

‘ಏನೂ ಒತ್ತಬ್ಯಾಡ. ನಾಳೆ ಬರ್ತೀನಿ’ ಎಂದು ಫೋನಿಟ್ಟೆ.

ಮರುದಿನ ಅರಕೇರಿಯಲ್ಲಿ ಏನಾಯಿತು ಎಂಬುದನ್ನು ಕೊನೆಗೆ ಹೇಳುತ್ತೇನೆ. ಹೊಸ ಎಸ್‌ಎಸ್‌ಡಿ ತಂದ ಮನೆಗಳಲ್ಲಿ ನಡೆಯುವ ಫಜೀತಿಗಳಲ್ಲಿ ಇದು ಒಂದು ಮಾತ್ರ. ಹೆಚ್ಚಿನ ಸಲ ಡಿಸ್ಕು ಕೆಟ್ಟಿರುವುದಿಲ್ಲ. ಅದಕ್ಕೂ ಕಂಪ್ಯೂಟರಿಗೂ ನಡುವಿನ ಒಪ್ಪಂದ ಎಲ್ಲೋ ತಪ್ಪಿರುತ್ತದೆ. ಎಲ್ಲಿ ತಪ್ಪಿದೆ ಎಂದು ತಿಳಿಯುವ ಬಗೆ ಗೊತ್ತಿದ್ದರೆ ಹಣವೂ ಉಳಿಯುತ್ತದೆ, ಹಣ ಕೊಟ್ಟರೂ ಸಿಗದ ವಸ್ತುವೂ ಉಳಿಯುತ್ತದೆ.

ತಿರುಗುವ ತಟ್ಟೆ, ತಿರುಗದ ಚಿಪ್ಪು

ಮೊದಲು ಎರಡು ಮಾತು, ಈ ಎಸ್‌ಎಸ್‌ಡಿ ಎಂದರೇನೆಂದು. 1956ರಲ್ಲಿ ಐಬಿಎಂ ಕಂಪನಿ ಹೊರತಂದ ಮೊದಲ ಹಾರ್ಡ್‌ಡಿಸ್ಕಿನಲ್ಲಿ 24 ಇಂಚು ಅಗಲದ 50 ತಟ್ಟೆಗಳು ತಿರುಗುತ್ತಿದ್ದವು. ಅವೆಲ್ಲ ಸೇರಿ ಹಿಡಿಸಿಕೊಳ್ಳುತ್ತಿದ್ದದ್ದು 50 ಲಕ್ಷ ಅಕ್ಷರ. ಇಂದಿನ ಹಾರ್ಡ್‌ಡಿಸ್ಕು ಅಂಗೈಯಗಲ ಇದ್ದರೂ ತತ್ತ್ವ ಅದೇ. ತಟ್ಟೆ ತಿರುಗಬೇಕು, ಸೂಜಿಯಂಥ ತೋಳು ಬೇಕಾದ ಜಾಗಕ್ಕೆ ಸರಿಯಬೇಕು, ಆಮೇಲೆ ಓದಬೇಕು. ಲ್ಯಾಪ್‌ಟಾಪಿನ ಹಾರ್ಡ್‌ಡಿಸ್ಕು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಸಾವಿರಾರು ಸಣ್ಣ ಕಡತಗಳನ್ನು ಒಂದೊಂದಾಗಿ ಹುಡುಕುವಾಗ ಈ ಓಡಾಟದಲ್ಲೇ ಹೊತ್ತು ಹೋಗುತ್ತದೆ.

ಎಸ್‌ಎಸ್‌ಡಿಯಲ್ಲಿ ತಿರುಗುವುದೇನೂ ಇಲ್ಲ. ಜಪಾನಿನ ತೋಷಿಬಾ ಕಂಪನಿಯಲ್ಲಿದ್ದ ಫುಜಿಯೋ ಮಸುಯೋಕ ಎಂಬ ಎಂಜಿನಿಯರ್ 1980ರ ದಶಕದಲ್ಲಿ ರೂಪಿಸಿದ ಫ್ಲ್ಯಾಶ್ ಸ್ಮೃತಿಯೇ ಇದರ ಮೂಲ. ಪೆನ್‌ಡ್ರೈವಿನಲ್ಲಿ, ಮೊಬೈಲಿನಲ್ಲಿ ಇರುವುದೂ ಅದೇ ಜಾತಿಯ ಚಿಪ್ಪು. ಹುಡುಕಾಟದ ಓಡಾಟ ತಪ್ಪಿದ್ದರಿಂದ, ಹತ್ತು ವರ್ಷದ ಹಳೆಯ ಲ್ಯಾಪ್‌ಟಾಪಿಗೂ ಇದನ್ನು ಹಾಕಿದರೆ ಹೊಸ ಜೀವ ಬಂದಂತಾಗುತ್ತದೆ. ಹೊಸ ಲ್ಯಾಪ್‌ಟಾಪ್ ಕೊಡಿಸಲಾಗದ ತಂದೆತಾಯಿಗಳಿಗೆ ಇದು ಒಳ್ಳೆಯ ದಾರಿ.

ಒಂದು ಸಣ್ಣ ಅನುಮಾನವನ್ನು ಇಲ್ಲೇ ಬಗೆಹರಿಸಿಬಿಡೋಣ. ಡಬ್ಬಿಯ ಮೇಲೆ 256 ಜಿಬಿ ಎಂದಿರುತ್ತದೆ, ವಿಂಡೋಸಿನಲ್ಲಿ 238 ಎಂದು ಕಾಣುತ್ತದೆ. ಅಂಗಡಿಯವರು ಮೋಸ ಮಾಡಿದರೆಂದು ಜಗಳಕ್ಕೆ ಹೋಗಬೇಡಿ. ತಯಾರಕರು ಒಂದು ಜಿಬಿಯನ್ನು 100 ಕೋಟಿ ಬೈಟ್ ಎಂದು ಎಣಿಸುತ್ತಾರೆ. ವಿಂಡೋಸು 1024ರ ಲೆಕ್ಕದಲ್ಲಿ, ಅಂದರೆ 107 ಕೋಟಿಗೂ ಸ್ವಲ್ಪ ಮೇಲೆ, ಎಣಿಸುತ್ತದೆ. ಕಾಳು ಅಷ್ಟೇ, ಸೇರು ಬೇರೆ.

ಡಿಸ್ಕು ಕಾಣುವುದೇ ಇಲ್ಲ

ಹೊಸ ಡಿಸ್ಕು ಹಾಕಿ ಪೆನ್‌ಡ್ರೈವಿನಿಂದ ಶುರು ಮಾಡುತ್ತೀರಿ. ಎಲ್ಲಿ ಕೂಡಿಸಬೇಕು ಎಂದು ಕೇಳುವ ಪರದೆಯಲ್ಲಿ ಡಿಸ್ಕೇ ಇಲ್ಲ. ಆಗ ಮಾಡಬೇಕಾದ ಮೊದಲ ಕೆಲಸ, ಹಿಂದಕ್ಕೆ ಬಂದು ಬಯೋಸ್ ಪರದೆ ನೋಡುವುದು. ಕಂಪ್ಯೂಟರ್ ಶುರುವಾಗುವಾಗ ಎಫ್2 ಅಥವಾ ಡಿಲೀಟ್ ಕೀಲಿ ಒತ್ತಿದರೆ ಹೆಚ್ಚಿನ ಯಂತ್ರಗಳಲ್ಲಿ ಅದು ತೆರೆಯುತ್ತದೆ.

ಬಯೋಸಿನಲ್ಲೂ ಡಿಸ್ಕಿನ ಹೆಸರಿಲ್ಲದಿದ್ದರೆ ತೊಂದರೆ ತಂತ್ರಾಂಶದ್ದಲ್ಲ, ಜೋಡಣೆಯದ್ದು. ಯಂತ್ರ ಆರಿಸಿ, ಚಾರ್ಜರ್ ಕಿತ್ತು, ಬ್ಯಾಟರಿ ಬೇರ್ಪಡಿಸಿ, ಡಿಸ್ಕನ್ನು ತೆಗೆದು ಮತ್ತೆ ಸರಿಯಾಗಿ ಕೂಡಿಸಿ. ಚೂಯಿಂಗ್ ಗಮ್ ಪಟ್ಟಿಯಂತಿರುವ ಎಂ.2 ಮಾದರಿಯದಾದರೆ ಇನ್ನೊಂದು ಮಾತಿದೆ. ಒಂದೇ ಆಕಾರದ ಪಟ್ಟಿಯಲ್ಲಿ ಸಾಟಾ ಮತ್ತು ಎನ್‌ವಿಎಂಇ ಎಂಬ ಎರಡು ಬೇರೆ ಭಾಷೆಯ ಡಿಸ್ಕುಗಳು ಬರುತ್ತವೆ. ಕೆಲವು ಲ್ಯಾಪ್‌ಟಾಪುಗಳ ಕಂಡಿಗೆ ಒಂದು ಭಾಷೆ ಮಾತ್ರ ತಿಳಿಯುತ್ತದೆ. ಪಟ್ಟಿ ಒಳಗೆ ಹೊಕ್ಕರೂ ಮಾತು ನಡೆಯುವುದಿಲ್ಲ. ಕೊಳ್ಳುವ ಮೊದಲೇ ಲ್ಯಾಪ್‌ಟಾಪಿನ ಮಾದರಿ ಸಂಖ್ಯೆ ಬರೆದುಕೊಂಡು ಹೋಗಿ ಅಂಗಡಿಯಲ್ಲಿ ಕೇಳಿರಿ.

ಬಯೋಸಿನಲ್ಲಿ ಇದೆ, ವಿಂಡೋಸ್ ಕೂಡಿಸುವ ಪರದೆಯಲ್ಲಿ ಮಾತ್ರ ಇಲ್ಲವೆಂದರೆ ಅದು ಬೇರೆ ಕಥೆ. ಇಂಟೆಲ್‌ನ 11ನೇ ತಲೆಮಾರು ಮತ್ತು ಆನಂತರದ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿನ ಮುಂದೆ ವಿಎಂಡಿ ಎಂಬ ದ್ವಾರಪಾಲಕ ನಿಂತಿರುತ್ತಾನೆ. ಅವನ ಗುರುತು ವಿಂಡೋಸಿನ ಪೆನ್‌ಡ್ರೈವಿಗೆ ಇರದೆ ಹೋಗಬಹುದು. ಲ್ಯಾಪ್‌ಟಾಪ್ ತಯಾರಕರ ತಾಣದಿಂದ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಎಂಬ ಡ್ರೈವರ್ ಇಳಿಸಿ, ಬಿಚ್ಚಿ, ಪೆನ್‌ಡ್ರೈವಿನಲ್ಲಿಟ್ಟು, ‘ಲೋಡ್ ಡ್ರೈವರ್’ ಒತ್ತಿ ತೋರಿಸಿದರೆ ಡಿಸ್ಕು ಕಾಣಿಸಿಕೊಳ್ಳುತ್ತದೆ.

ಡಿಸ್ಕು ಕಾಣುತ್ತದೆ, ಜಾಗ ಕೊಡುವುದಿಲ್ಲ

ಎರಡನೆಯ ತೊಡಕು ಇನ್ನೂ ಸಾಮಾನ್ಯ. ಡಿಸ್ಕಿನ ಹೆಸರು ಕಾಣುತ್ತದೆ, ಆದರೆ ‘ಈ ಡಿಸ್ಕಿನಲ್ಲಿ ವಿಂಡೋಸ್ ಕೂಡಿಸಲಾಗದು’ ಎಂಬ ಒಕ್ಕಣೆ ಬರುತ್ತದೆ. ಹುಡುಗರು ಇಲ್ಲಿ ಗಾಬರಿಯಾಗಿ ಸಿಕ್ಕಸಿಕ್ಕ ಗುಂಡಿ ಒತ್ತುತ್ತಾರೆ. ಒಂದು ಸಾಲು ಮುಂದೆ ಓದಿರಿ. ಅಲ್ಲಿಯೇ ಎಂಬಿಆರ್ ಅಥವಾ ಜಿಪಿಟಿ ಎಂಬ ಶಬ್ದ ಇರುತ್ತದೆ. ಕಾರಣವನ್ನು ಯಂತ್ರವೇ ಹೇಳಿದೆ.

ಹೊಲಕ್ಕೆ ಉತಾರ ಇದ್ದಂತೆ ಡಿಸ್ಕಿಗೂ ಒಂದು ಉತಾರ ಇರುತ್ತದೆ. ಎಲ್ಲಿಂದ ಎಲ್ಲಿಯವರೆಗೆ ಯಾವ ಭಾಗ ಎಂಬ ವಿವರ ಅದರಲ್ಲಿ. ಎಂಬಿಆರ್ ಎಂಬ ಹಳೆಯ ಪದ್ಧತಿ 1983ರದು. ಅದರಲ್ಲಿ ನಾಲ್ಕು ಮುಖ್ಯ ಭಾಗಗಳಿಗಷ್ಟೇ ಜಾಗ, ಸುಮಾರು 2 ಟಿಬಿಗಿಂತ ದೊಡ್ಡ ಡಿಸ್ಕನ್ನು ಅದು ಪೂರ್ತಿ ಅಳೆಯಲಾರದು. ಜಿಪಿಟಿ ಹೊಸ ಪದ್ಧತಿ, ವಿಂಡೋಸಿನಲ್ಲಿ 128 ಭಾಗಗಳವರೆಗೆ ಹಿಡಿಸುತ್ತದೆ. ಬಯೋಸಿನಲ್ಲೂ ಹಳೆಯ ‘ಲೆಗಸಿ’ ಮತ್ತು ಹೊಸ ‘ಯುಇಎಫ್‌ಐ’ ಎಂದು ಎರಡು ಕ್ರಮಗಳಿವೆ. ವಿಂಡೋಸಿನ ನಿಯಮ ಕಟ್ಟುನಿಟ್ಟು. ಯುಇಎಫ್‌ಐ ಕ್ರಮದಲ್ಲಿ ಶುರು ಮಾಡಿದರೆ ಜಿಪಿಟಿ ಬೇಕು, ಲೆಗಸಿ ಕ್ರಮದಲ್ಲಿ ಶುರು ಮಾಡಿದರೆ ಎಂಬಿಆರ್ ಬೇಕು. ಅಡ್ಡಾದಿಡ್ಡಿಯಾದರೆ ಜಾಗ ಕೊಡುವುದಿಲ್ಲ.

ಸ್ವಾರಸ್ಯವೆಂದರೆ, ಎಷ್ಟೋ ಯಂತ್ರಗಳ ಬೂಟ್ ಪಟ್ಟಿಯಲ್ಲಿ ಒಂದೇ ಪೆನ್‌ಡ್ರೈವಿನ ಹೆಸರು ಎರಡು ಸಲ ಇರುತ್ತದೆ. ಒಂದರ ಹಿಂದೆ ಯುಇಎಫ್‌ಐ ಎಂದಿರುತ್ತದೆ, ಇನ್ನೊಂದರ ಹಿಂದೆ ಇರುವುದಿಲ್ಲ. ಹತ್ತು ವರ್ಷದೀಚಿನ ಯಂತ್ರವಾದರೆ ಯುಇಎಫ್‌ಐ ಎಂದಿರುವುದನ್ನೇ ಆರಿಸಿರಿ. ಡಿಸ್ಕು ಹೊಚ್ಚ ಹೊಸದಾಗಿದ್ದು ಅದರಲ್ಲಿ ಏನೂ ಇಲ್ಲದಿದ್ದರೆ, ಅದರ ಭಾಗಗಳನ್ನೆಲ್ಲ ಅಳಿಸಿ, ಉಳಿಯುವ ಖಾಲಿ ಜಾಗವನ್ನು ಆರಿಸಿ ಮುಂದುವರಿದರೆ ಸಾಕು. ಯುಇಎಫ್‌ಐ ಕ್ರಮದಲ್ಲಿದ್ದಾಗ ವಿಂಡೋಸು ತಾನೇ ಜಿಪಿಟಿ ಉತಾರ ಬರೆದುಕೊಳ್ಳುತ್ತದೆ.

ಅಳಿಸುವ ಮಾತು ಬಂದಿತು, ಆದ್ದರಿಂದ ಎಚ್ಚರಿಕೆ. ಆ ಪರದೆಯಲ್ಲಿ ಡಿಸ್ಕುಗಳು ಡಿಸ್ಕ್ 0, ಡಿಸ್ಕ್ 1 ಎಂದಷ್ಟೇ ಕಾಣುತ್ತವೆ. ಯಾವುದು ಹೊಸದು, ಯಾವುದರಲ್ಲಿ ಅಕ್ಕನ ಮದುವೆಯ ಫೋಟೋ ಇದೆ ಎಂದು ಅದಕ್ಕೆ ಗೊತ್ತಿಲ್ಲ. ಎಸ್‌ಎಸ್‌ಡಿಯಿಂದ ಅಳಿಸಿದ್ದನ್ನಂತೂ ಮರಳಿ ಪಡೆಯುವುದು ಬಹಳ ಕಷ್ಟ. ಅಳಿಸಿದ ಜಾಗವನ್ನು ಅದು ಟ್ರಿಮ್ ಎಂಬ ಕ್ರಮದಿಂದ ಒಳಗೊಳಗೇ ಚೊಕ್ಕಟ ಮಾಡಿಬಿಡುತ್ತದೆ.

ಪೆನ್‌ಡ್ರೈವಿನ ತಕರಾರು

ಕೆಲವರು ವಿಂಡೋಸಿನ ಐಎಸ್‌ಒ ಕಡತವನ್ನು ಇಳಿಸಿ ಹಾಗೆಯೇ ಪೆನ್‌ಡ್ರೈವಿಗೆ ನಕಲು ಮಾಡಿ, ‘ಶುರುವಾಗುತ್ತಿಲ್ಲ’ ಎನ್ನುತ್ತಾರೆ. ಹಾಗೆ ಆಗದು. ಅದನ್ನು ಬಿಡಿಸಿ ಬರೆಯಬೇಕು. ಮೈಕ್ರೋಸಾಫ್ಟ್ ಕೊಡುವ ಮೀಡಿಯಾ ಕ್ರಿಯೇಶನ್ ಟೂಲ್ ಅಥವಾ ಉಚಿತವಾಗಿ ಸಿಗುವ ರೂಫಸ್ ಈ ಕೆಲಸ ಮಾಡುತ್ತವೆ. ಅದಕ್ಕೆ 8 ಜಿಬಿಯ ಪೆನ್‌ಡ್ರೈವ್ ಸಾಕು, ಆದರೆ ಅದರೊಳಗೆ ಮೊದಲು ಇದ್ದದ್ದೆಲ್ಲ ಹೋಗುತ್ತದೆಂಬುದು ನೆನಪಿರಲಿ.

ಇನ್ನೊಂದು ತಮಾಷೆ. ಅರ್ಧ ಕೆಲಸವಾಗಿ ಯಂತ್ರ ತಾನೇ ಆರಿ ಮತ್ತೆ ಶುರುವಾಗುತ್ತದೆ. ನೋಡಿದರೆ ಮೊದಲಿನ ಪರದೆಯೇ ಬಂದಿದೆ, ಭಾಷೆ ಯಾವುದು ಎಂದು ಕೇಳುತ್ತಿದೆ! ಗಾಣದೆತ್ತಿನ ಹಾಗೆ ಸುತ್ತಿದಲ್ಲೇ ಸುತ್ತು. ಇದಕ್ಕೆ ಮಂತ್ರತಂತ್ರವೇನೂ ಬೇಡ. ಯಂತ್ರ ಮತ್ತೆ ಪೆನ್‌ಡ್ರೈವಿನಿಂದಲೇ ಶುರುವಾಗುತ್ತಿದೆ ಅಷ್ಟೇ. ಮೊದಲ ಸಲ ಯಂತ್ರ ಆರಿದೊಡನೆ ಪೆನ್‌ಡ್ರೈವ್ ಕಿತ್ತುಕೊಳ್ಳಿ, ಇಲ್ಲವೇ ಬಯೋಸಿನ ಸರದಿಯಲ್ಲಿ ಹೊಸ ಡಿಸ್ಕನ್ನು ಮೇಲಕ್ಕೆ ತನ್ನಿರಿ.

ಅರಕೇರಿಯಲ್ಲಿ ಕಂಡದ್ದು

ಈಗ ಅಳಿಯನ ಮನೆಗೆ ಬರೋಣ. ಪಡಸಾಲೆಯಲ್ಲಿ ಚಾಪೆಯ ಮೇಲೆ ಲ್ಯಾಪ್‌ಟಾಪು ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು. ಮಗ್ಗುಲಿಗೆ ಅಪ್ಪ, ಅವ್ವ, ಮಗ ಮೂವರೂ ಆಸ್ಪತ್ರೆಯ ಹೊರಗೆ ಕೂತವರ ಹಾಗೆ ಕೂತಿದ್ದರು.

‘ಶನಿವಾರ ಏನೇನು ಮಾಡಿದಿ, ಒಂದೂ ಬಿಡದ ಹೇಳು’ ಎಂದೆ.

ಹುಡುಗ ಮೊದಲು ವಿಂಡೋಸ್ 11 ಹಾಕಲು ಹೋಗಿದ್ದ. ಯಂತ್ರ ಅರ್ಹವಲ್ಲವೆಂದು ಅದು ಬಾಗಿಲಲ್ಲೇ ತಿರುಗಿ ಕಳಿಸಿತ್ತು. ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಆಮೇಲಿನ ಸಂಸ್ಕಾರಕ ಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೀಗಾಗಿ ಅವನು ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಆರಿಸಿದ್ದ. ಹಳೆಯ ಯಂತ್ರಕ್ಕೆ ಇದು ಜಾಣ ಆಯ್ಕೆ. ಪೈಥಾನ್, ಸಿ, ಜಾವಾ ಕಲಿಯುವುದಕ್ಕೆ ಏನೂ ಅಡ್ಡಿಯಿಲ್ಲ.

ಹೊಸ ಎಸ್‌ಎಸ್‌ಡಿಯನ್ನು ಹಾರ್ಡ್‌ಡಿಸ್ಕಿನ ಜಾಗದಲ್ಲಿ ಕೂಡಿಸಿ, ಹಳೆ ಹಾರ್ಡ್‌ಡಿಸ್ಕನ್ನು ಡಿವಿಡಿ ಇದ್ದ ಜಾಗಕ್ಕೆ ಒಂದು ಚೌಕಟ್ಟಿನಲ್ಲಿಟ್ಟು ತಳ್ಳಿದ್ದ. ಎರಡೂ ಒಳಗಿದ್ದಾಗಲೇ ಲಿನಕ್ಸ್ ಕೂಡಿಸಿದ. ಎರಡು ದಿನ ಚೆನ್ನಾಗಿ ನಡೆಯಿತು. ಭಾನುವಾರ ರಾತ್ರಿ, ‘ಮುತ್ಯಾನ ಪದಾ ಇರೂ ಡಿಸ್ಕು, ಜ್ವಾಕಿ ಇರ್ಲಿ’ ಎಂದು ಭಾವನವರು ಹೇಳಿದ್ದಕ್ಕೆ ಹಳೆಯದನ್ನು ಹೊರತೆಗೆದು ಕಪಾಟಿನಲ್ಲಿಟ್ಟ. ಸೋಮವಾರ ಮುಂಜಾನೆ ಯಂತ್ರ, ಶುರುಮಾಡಲು ಡಿಸ್ಕೇ ಇಲ್ಲವೆಂದಿತು.

ಇಷ್ಟು ಕೇಳಿದ ಮೇಲೆ ರೋಗ ಗೊತ್ತಾಯಿತು. ಯುಇಎಫ್‌ಐ ಕ್ರಮದಲ್ಲಿ ಕಂಪ್ಯೂಟರ್ ಶುರುವಾಗಲು ಡಿಸ್ಕಿನಲ್ಲಿ ಒಂದು ಚಿಕ್ಕ ಭಾಗ ಬೇಕು. ಕೆಲವೇ ನೂರು ಎಂಬಿಯದು. ಆಪರೇಟಿಂಗ್ ಸಿಸ್ಟಂನ್ನು ಎಬ್ಬಿಸುವ ಕಡತ ಇರುವುದು ಅಲ್ಲಿ. ಕೂಡಿಸುವ ತಂತ್ರಾಂಶಕ್ಕೆ ಯಂತ್ರದೊಳಗೆ ಮೊದಲೇ ಅಂಥ ಒಂದು ಭಾಗ ಕಂಡರೆ, ಎಷ್ಟೋ ಸಲ ಹೊಸದನ್ನು ಮಾಡದೆ ಅಲ್ಲೇ ತನ್ನ ಕಡತ ಇಟ್ಟುಬಿಡುತ್ತದೆ. ಲಿನಕ್ಸು ಹೀಗೆ ಮಾಡುವುದುಂಟು, ವಿಂಡೋಸೂ ಮಾಡುವುದುಂಟು. ಹಳೆ ಹಾರ್ಡ್‌ಡಿಸ್ಕಿನಲ್ಲಿ ಹಳೆ ವಿಂಡೋಸಿನ ಭಾಗ ಇತ್ತು. ಹೊಸ ಮನೆ ಕಟ್ಟಿ, ಅದರ ಕೀಲಿಕೈಯನ್ನು ಹಳೆ ಮನೆಯ ಗೂಟಕ್ಕೆ ತೂಗಿಹಾಕಿ ಬಂದಂತಾಗಿತ್ತು. ಹಳೆ ಮನೆ ಜೊತೆಗಿದ್ದಷ್ಟು ದಿನ ಯಾರಿಗೂ ಗೊತ್ತಾಗಲಿಲ್ಲ.

ಪರೀಕ್ಷೆ ಸುಲಭ. ಹಳೆ ಡಿಸ್ಕನ್ನು ಮತ್ತೆ ಅದರ ಜಾಗಕ್ಕೆ ತಳ್ಳಿ ಗುಂಡಿ ಒತ್ತಿದೆವು. ಕೆಲವೇ ಕ್ಷಣಗಳಲ್ಲಿ ಪರದೆ ಬೆಳಗಿತು. ಅಕ್ಕ ಕೈ ಮುಗಿದಳು. ಹುಡುಗ ಮಾತ್ರ ಪೆಚ್ಚಾಗಿದ್ದ. ಸೋಮವಾರವೇ ಅವನು ಹಳೆಯದನ್ನು ಅಳಿಸಿದ್ದರೆ, ಇಲ್ಲದ ದೋಷಕ್ಕೆ ಹೊಸ ಡಿಸ್ಕು ಅಂಗಡಿಗೆ ಹೋಗುತ್ತಿತ್ತು, ಮುತ್ಯಾನ ಪದಗಳು ಎಲ್ಲಿಗೂ ಇಲ್ಲದಂತೆ ಹೋಗುತ್ತಿದ್ದವು. ತಪ್ಪು ಅವನೊಬ್ಬನದಲ್ಲ. ಎರಡು ದಿನ ಸರಿಯಾಗಿ ನಡೆದದ್ದು ಮೂರನೆಯ ದಿನ ನಿಂತರೆ ಯಾರಿಗಾದರೂ ಹೊಸ ವಸ್ತುವಿನ ಮೇಲೆಯೇ ಗುಮಾನಿ.

ಮೊದಲು ಪದಗಳ ಕಡತಗಳನ್ನು ಎರಡು ಬೇರೆ ಬೇರೆ ಪೆನ್‌ಡ್ರೈವಿಗೆ ನಕಲು ಮಾಡಿದೆವು. ಆಮೇಲೆ ಹಳೆ ಡಿಸ್ಕನ್ನು ಹೊರತೆಗೆದು ಭಾವನವರ ಕೈಗೇ ಕೊಟ್ಟೆವು. ಹೊಸ ಡಿಸ್ಕೊಂದೇ ಒಳಗಿರುವಾಗ ಲಿನಕ್ಸನ್ನು ಇನ್ನೊಮ್ಮೆ ಮೊದಲಿನಿಂದ ಕೂಡಿಸಿದೆವು. ದುರಸ್ತಿ ಮಾಡುವ ಬೇರೆ ಉಪಾಯಗಳೂ ಇವೆ, ಆದರೆ ಹೊಸ ಡಿಸ್ಕಿನಲ್ಲಿ ಇನ್ನೂ ಏನೂ ಸೇರದಿರುವಾಗ ಇದೇ ನೇರ ದಾರಿ. ಈ ಸಲ ಕೀಲಿಕೈ ಬೇರೆಡೆ ಇಡಲು ಅದಕ್ಕೆ ಜಾಗವೇ ಇರಲಿಲ್ಲ!

ಅಕ್ಷರ ಹಾಳಾಗಿಲ್ಲ

ಕಥೆ ಅಲ್ಲಿಗೆ ಮುಗಿಯಲಿಲ್ಲ. ಭಾವನವರು ಪದದ ಕಡತವೊಂದನ್ನು ತೆರೆದು ನೋಡಿ ಕುಸಿದು ಕೂತರು. ಕನ್ನಡದ ಬದಲು ಪರದೆಯ ತುಂಬ ಇಂಗ್ಲಿಷಿನ ಅಕ್ಷರ, ಕೊಂಬು, ಚುಕ್ಕೆ. ‘ಎಲ್ಲಾ ಕೆಟ್ಟ ಹೋತು’ ಎಂದರು.

ಕೆಟ್ಟಿರಲಿಲ್ಲ. ಅವರು ಬೆರಳಚ್ಚು ಮಾಡಿದ್ದು ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ. ಆ ಪದ್ಧತಿಯಲ್ಲಿ ಕಡತದೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತವೇ. ಅದಕ್ಕೆ ಕನ್ನಡದ ಆಕಾರ ತೊಡಿಸುವುದು ಫಾಂಟು. ಹೊಸ ಆಪರೇಟಿಂಗ್ ಸಿಸ್ಟಂನಲ್ಲಿ ಆ ಫಾಂಟು ಇಲ್ಲದ್ದರಿಂದ ಅಂಗಿ ಕಳಚಿದಂತಾಗಿತ್ತು. ಹಳೆ ಡಿಸ್ಕಿನಿಂದಲೇ ನುಡಿ ಫಾಂಟುಗಳನ್ನು ತಂದು ಕೂಡಿಸಿದೊಡನೆ ಪದಗಳು ಮೂಡಿದವು. ಹೊಸ ಡಿಸ್ಕು ಹಾಕುವ ಮೊದಲು ಹಳೆಯದರಿಂದ ಕಡತಗಳ ಜೊತೆಗೆ ಫಾಂಟುಗಳನ್ನೂ ನಕಲು ಮಾಡಿಕೊಳ್ಳಬೇಕೆಂಬ ಪಾಠ ನಮ್ಮ ಕನ್ನಡದವರಿಗೆ ವಿಶೇಷವಾಗಿ ಬೇಕು.

ಶಾಶ್ವತ ಪರಿಹಾರವೆಂದರೆ ಯುನಿಕೋಡ್. 1991ರ ಮೊದಲ ಆವೃತ್ತಿಯಿಂದಲೂ ಅದರಲ್ಲಿ ಕನ್ನಡಕ್ಕೆ ತನ್ನದೇ ಸಂಕೇತಗಳಿವೆ. ಯಾವ ಯಂತ್ರದಲ್ಲಿ ತೆರೆದರೂ ಕನ್ನಡ ಕನ್ನಡವಾಗಿಯೇ ಕಾಣುತ್ತದೆ. ಹಳೆಯ ಕಡತಗಳನ್ನು ಯುನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ತಿರುಗಿಸಿದ ಮೇಲೆ ಒತ್ತಕ್ಷರ, ಅರ್ಕಾವೊತ್ತುಗಳನ್ನು ಒಮ್ಮೆ ಕಣ್ಣಾರೆ ಓದಿ ತಿದ್ದಬೇಕು. ಆ ಕೆಲಸವನ್ನು ಅಪ್ಪ ಮಗ ಸೇರಿ ಮಾಡುವುದೆಂದು ಅಲ್ಲೇ ತೀರ್ಮಾನವಾಯಿತು. ಮೂಲ ಕಡತಗಳನ್ನು ಮಾತ್ರ ಅಳಿಸಕೂಡದು.

ತಂದೆತಾಯಿಗಳಿಗೆ ನಾಲ್ಕು ಮಾತು

ಮಕ್ಕಳು ಲ್ಯಾಪ್‌ಟಾಪ್ ಬಿಚ್ಚಿದರೆ ಬೈಯಬೇಡಿ. ಆದರೆ ಬಿಚ್ಚುವ ಮೊದಲು ಮೂರು ಪ್ರಶ್ನೆ ಕೇಳಿರಿ. ಇದರೊಳಗೆ ಇರುವುದರ ನಕಲು ಬೇರೆ ಕಡೆ ಇದೆಯೇ? ಆ ನಕಲು ತೆರೆಯುತ್ತದೆಯೇ, ನೋಡಿದ್ದೀಯಾ? ಕೂಡಿಸುವಾಗ ಹಳೆ ಡಿಸ್ಕು ಯಂತ್ರದ ಹೊರಗೆ ಇರುತ್ತದೆಯೇ? ಮೂರಕ್ಕೂ ಹೌದೆಂದರೆ ಧೈರ್ಯವಾಗಿ ಬಿಟ್ಟುಬಿಡಿ. ಆಮೇಲೆ ಏನು ತಪ್ಪಿದರೂ ಹೋಗುವುದು ಅರ್ಧ ದಿನ ಮಾತ್ರ.

ಇನ್ನೊಂದು, ಹಣದ ಮಾತು. ಲ್ಯಾಪ್‌ಟಾಪಿನ ಜೊತೆಗೇ ವಿಂಡೋಸ್ ಬಂದಿದ್ದರೆ, ಅದರ ಪರವಾನಗಿ ಸಾಮಾನ್ಯವಾಗಿ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ, ಡಿಸ್ಕಿಗಲ್ಲ. ಡಿಸ್ಕು ಬದಲಿಸಿದ ಮಾತ್ರಕ್ಕೆ ಮತ್ತೆ ಕೊಳ್ಳಬೇಕಿಲ್ಲ. ಅದೇ ಆವೃತ್ತಿಯನ್ನು ಕೂಡಿಸಿ ಇಂಟರ್‌ನೆಟ್ ಜೋಡಿಸಿದರೆ ಅದು ತಾನೇ ಗುರುತು ಹಿಡಿಯುತ್ತದೆ. ‘ಆ್ಯಕ್ಟಿವೇಟರ್’ ಎಂದು ಯಾರೋ ಕೊಡುವ ಕಳ್ಳ ತಂತ್ರಾಂಶ ಹಾಕಿಸಿಕೊಳ್ಳಬೇಡಿ. ಕಳ್ಳನ ಕೈಯಲ್ಲಿ ಕೀಲಿ ಮಾಡಿಸಿದರೆ ಒಂದು ಕೀಲಿ ಅವನ ಹತ್ತಿರವೂ ಉಳಿಯುತ್ತದೆ.

ವಿದ್ಯಾರ್ಥಿಗಳಿಗೆ ಹೇಳುವುದು ಒಂದೇ. ಯಂತ್ರ ನಿಂತಾಗ ಅದು ಬರೆದದ್ದನ್ನು ಪೂರ್ತಿ ಓದಿರಿ, ಅದರ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಕೊನೆಯ ಸಲ ಸರಿಯಾಗಿ ನಡೆದದ್ದು ಯಾವಾಗ, ಆಮೇಲೆ ನೀವು ಬದಲಿಸಿದ್ದು ಏನು ಎಂದು ಕಾಗದದ ಮೇಲೆ ಬರೆಯಿರಿ. ಅರಕೇರಿಯಲ್ಲಿ ರೋಗ ಸಿಕ್ಕಿದ್ದು ಯಾವ ಉಪಕರಣದಿಂದಲೂ ಅಲ್ಲ, ‘ಹಳೇ ಡಿಸ್ಕ್ ತಗದ ಕಪಾಟಿನ್ಯಾಗ ಇಟ್ಟೆ’ ಎಂಬ ಆ ಒಂದು ಮಾತಿನಿಂದ.

ಹೊರಡುವಾಗ ಹುಡುಗ ಬಸ್ಸಿನವರೆಗೆ ಬಂದ. ‘ಮಾಮಾ, ಮೂರನೇದ್ದೊಂದು ನಕಲ ನಿಮ್ಮ ಮನ್ಯಾಗ ಇಡ್ರಿ’ ಎಂದು ನನ್ನ ಕೈಗೊಂದು ಪೆನ್‌ಡ್ರೈವ್ ಕೊಟ್ಟ. ಅದರ ಮೇಲೆ ಚೀಟಿ ಅಂಟಿಸಿ, ‘ಮುತ್ಯಾ, ಅಳಿಸಬಾರದು’ ಎಂದು ಬರೆದಿದ್ದ.